ಶಿಕ್ಕಾ ಇಲ್ಲದ ಡಬ್ಬಿ

ನಾನು ಸಾಲಿ ಕಲಿತದ್ದು ಮೂರನೇತ್ತೆ ತನಕ. ಆದರೂ ಹೋದ ಎಳ್ಳ ಅಮಾವಾಸಿ ಹೊತ್ತಿಗೆ ಸಿಂದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಸಾಮಾನಿನ ಪರೀಕ್ಷೆ ನಡೆದಾಗ, ಪರೀಕ್ಷೆ ಮಾಡುವವರ ಸಾಲಿನಲ್ಲಿ ನಾನೂ ಕೂತಿದ್ದೆ. ಅಂಥ ಭಾಗ್ಯ ಎಷ್ಟು ಮುದುಕಿಯರಿಗೆ ಬರುತ್ತದೆ ಹೇಳಿ. ಹಿಗ್ಗು ಇನ್ನೂ ಇಳಿದಿಲ್ಲ.

ಸಾಮಾನು ತಂದವಳು ನನ್ನ ಮೊಮ್ಮಗಳು, ಮಗನ ಮಗಳು. ಮದುವೆಗಳ ವಿಡಿಯೋ ತೆಗೆದು ಜೋಡಿಸುವುದು ಅವಳ ಉದ್ಯೋಗ. ಅಲ್ಲಿತನಕ ಬೇರೆಯವರ ಕೈಕೆಳಗೆ ದುಡಿದವಳಿಗೆ ಮುದ್ದೇಬಿಹಾಳದ ಕಡೆ, ನಾಲತವಾಡದ ಒಂದು ಮದುವೆ ಮೊದಲ ಸಲ ಸ್ವಂತಕ್ಕೆ ಸಿಕ್ಕಿತ್ತು. ಆದರೆ ಅವಳ ಲ್ಯಾಪ್‌ಟಾಪಿನ ಹೊಟ್ಟೆ ತುಂಬಿಹೋಗಿತ್ತು. ಅದಕ್ಕೆಂದು ಇಂಡಿ ಊರಿನ ಅಂಗಡಿಯಿಂದ ಒಂದು ಡಾಕ್ ತಂದಳು. ಅಂಗೈ ಅಗಲದ ಡಬ್ಬಿ. ಒಂದೇ ವೈರಿನಿಂದ ಲ್ಯಾಪ್‌ಟಾಪಿಗೆ ಚುಚ್ಚಿದರೆ ದೊಡ್ಡ ಸ್ಕ್ರೀನು, ಕೀಬೋರ್ಡು, ಕರೆಂಟು ಎಲ್ಲ ಇದರ ಮೂಲಕವೇ. ಹೊಟ್ಟೆಯಲ್ಲಿ ಎಸ್‌ಎಸ್‌ಡಿ ಎಂಬ ತುಣುಕು ಕೂಡಲು ಒಂದು ಗೂಡು. ತೆಗೆದ ವಿಡಿಯೋ ಎಲ್ಲ ಅಲ್ಲಿ ಹೋಗಿ ಕೂಡುತ್ತದೆ.

"ನಿಮ್ಮ ಹಗೇವು ಇದ್ದಂಗ ನೋಡು ಆಯಿ" ಅಂದಳು. ನೆಲದೊಳಗಿನ ಕುಣಿಯಲ್ಲಿ ವರ್ಷದ ಜೋಳ ತುಂಬಿಟ್ಟವಳು ನಾನು. ಕೂಡಲೇ ತಿಳಿಯಿತು.

ಊನ ಒಂದೇ. ಡಬ್ಬಿಯ ಮೇಲೆ ಶಿಕ್ಕಾ ಇರಲಿಲ್ಲ. ಪರೀಕ್ಷೆಯಾಗಿ ಪಾಸಾದ ಡಾಕಿಗೆ ಒಂದು ಗುರುತು ಹೊಡೆದಿರುತ್ತಾರಂತೆ. ಇದಕ್ಕೆ ಯಾರೂ ಹೊಡೆದಿರಲಿಲ್ಲ.

"ಶಿಕ್ಕಾ ಇಲ್ಲಂದ್ರ ಕಳಪೆ" ಅಂದ ನನ್ನ ಮಗ. ಅವನು ಕಚೇರಿಯವನು. ಶಿಕ್ಕಾ ಬಿದ್ದಿದ್ದರೆ ಸುಟ್ಟ ರೊಟ್ಟಿಯನ್ನೂ ತಿಂದಾನು. "ಈ ಕೆಲಸ ಆಗಲಿಲ್ಲಂದ್ರ ಸುಮ್ಮನ ಬಿ.ಎಡ್. ಮಾಡು."

"ಆತಪ್ಪಾ. ಮೊದಲ ಹಳೇ ವಿಡಿಯೋ ತುಂಬಿ ನೋಡ್ತೇನಿ. ನಡುವ ನಿಂತ್ರ ನಾಲತವಾಡದವರಿಗೆ ಆಗಂಗಿಲ್ಲ ಅಂತ ಫೋನ್ ಮಾಡ್ತೇನಿ. ಅಕ್ಷತಿ ಒಮ್ಮೆ ಬೀಳತಾವ. ವಿಡಿಯೋ ಹೋತು, ಇನ್ನೊಮ್ಮೆ ಒಗೀರಿ ಅನ್ನಾಕ ಬರ್ತೈತೇನು?"

ಹಬ್ಬಕ್ಕೆಂದು ಬಸವನ ಬಾಗೇವಾಡಿಯಿಂದ ಬೀಗರು, ಬೀಗತಿ ಬಂದಿದ್ದರು. ಹುಡುಗಿಯ ತಾಯಿಯ ತಂದೆ-ತಾಯಿ. ಬೀಗರು ಎತ್ತಿನ ಪಾರಖಿ. ಸಂತೆಯಲ್ಲಿ ಅವರು ಬಾಯಿ ತೆಗೆಸಿ ನೋಡದ ಎತ್ತು ಯಾರೂ ಕೊಳ್ಳುತ್ತಿರಲಿಲ್ಲ. ಡಬ್ಬಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿದರು, ಬೆನ್ನು ಸವರಿದರು, ವೈರು ಚುಚ್ಚುವ ತೂತಿನಲ್ಲಿ ಕಣ್ಣಿಟ್ಟರು.

"ಇದಕ್ಕ ಹಲ್ಲ ಬಂದಿಲ್ಲಲ್ಲ."

"ಮುತ್ಯಾ, ಅವು ತೂತು."

"ಅದನ್ನ ಹೇಳಾಕತ್ತೇನಿ. ಹಲ್ಲಿಲ್ಲದ್ದರ ವಯಸ್ಸು ಹೆಂಗ ಹೇಳಬೇಕು?"

ನಾನು ಗಡಿಗೆ ಬಾರಿಸಿದಂತೆ ಬೆರಳಿನಿಂದ ಬಾರಿಸಿ ನೋಡಿದೆ. ಸದ್ದು ಛಲೋ ಬಂತು, ಪಾಸು ಅಂದೆ. ಮಗ ಡಾಕ್ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, ಇಲ್ಲಿ ಏನೋ ಗುರುತು ಐತಲ್ಲ ಎಂದು ಅರಳಿದ.

"ಅಪ್ಪಾ, ಅದು ಕಸದ ಡಬ್ಬ್ಯಾಗ ಒಗೀಬ್ಯಾಡ್ರಿ ಅನ್ನೂ ಗುರುತು."

"ಸರ್ಕಾರದವರು ಅಷ್ಟರ ಹೇಳ್ಯಾರಲ್ಲ" ಅಂದ.

ಬೀಗತಿ ಮಾತ್ರ ಸೂಜಿ-ದಾರ ತಂದರು. ಹಳೆ ಸೀರೆಯ ತುಣುಕು ತೆಗೆದುಕೊಂಡು, ಡಬ್ಬಿಯ ಅಳತೆಗೆ ಒಂದು ಪುಟ್ಟ ಕೌದಿ ಹೊಲಿದರು. ಸುತ್ತಲೂ ಅಂಚು, ನಾಲ್ಕೂ ಮೂಲೆಗೆ ಕುಚ್ಚು. ಅವರ ಮನೆಯಲ್ಲಿ ಟಿ.ವಿ., ಮಿಕ್ಸಿ, ಹೊಲಿಗೆ ಮಷೀನು, ಯಾವುದೂ ಬರಿಮೈಯಲ್ಲಿ ಇರುವುದಿಲ್ಲ.

ಪರೀಕ್ಷೆ ಶುರುವಾಯಿತು. ಹುಡುಗಿ ವಿಡಿಯೋ ತುಂಬಲು ಹಚ್ಚಿ ಚಾ ಕುಡಿಯಲು ಒಳಗೆ ಹೋದಳು. ಬಂದು ನೋಡಿದರೆ ನಿಂತಿತ್ತು. ಮತ್ತೆ ಹಚ್ಚಿ ಊಟಕ್ಕೆ ಹೋದಳು. ಮತ್ತೆ ನಿಂತಿತ್ತು. ಮುಟ್ಟಿದರೆ ರೊಟ್ಟಿ ಹಂಚು. ಎದುರಿಗೇ ಕೂತಾಗ ನೆಟ್ಟಗೆ ನಡೆಯುವುದು, ಎದ್ದು ಹೋದರೆ ನಿಲ್ಲುವುದು.

"ಆಳಮಗ ಇದ್ದಂಗ ಐತಿ. ಧಣಿ ಕಣ್ಣ ಮುಂದ ಅಷ್ಟ ದುಡೀತೈತಿ" ಅಂದರು ಬೀಗರು.

"ಶಿಕ್ಕಾ ಇಲ್ಲದ್ದರ ಹಣೇಬಾರ ಇದ" ಅಂದ ಮಗ.

ಹುಡುಗಿಯ ಮುಖ ಸಣ್ಣದಾಯಿತು. ಇನ್ನೊಮ್ಮೆ ಹಚ್ಚಿ, ನಾಲತವಾಡದವರಿಗೆ ಆಗುವುದಿಲ್ಲ ಎಂದು ಹೇಳಲು ಫೋನ್ ಹಿಡಿದು ಮಾಳಿಗೆ ಹತ್ತಿದಳು. ಆದರೆ ಆ ಹೊತ್ತಿಗೆ ಅವರು ಫೋನ್ ಎತ್ತಲಿಲ್ಲ. ಅವಳು ಹಾಗೇ ಕೆಳಗಿಳಿದಳು, ಚಪ್ಪಲಿ ಸದ್ದೂ ಇಲ್ಲದೆ.

ಪಡಸಾಲೆಯಲ್ಲಿ ಡಬ್ಬಿ ಕೌದಿ ಹೊದ್ದು ಮಲಗಿತ್ತು. ಕೌದಿಯ ಮೇಲೆ ನಮ್ಮ ಬೆಕ್ಕು ಮುದುಡಿಕೊಂಡು ಮಲಗಿತ್ತು. ಬೆಕ್ಕಿನ ಬೆನ್ನನ್ನು ಬೀಗತಿ ಸವರುತ್ತಿದ್ದರು.

"ಅಮ್ಮಾ, ಇದನ್ನ ಯಾವಾಗಿಂದ ಹೊದಸಾಕತ್ತೀದಿ?" ಅಂದಳು ಹುಡುಗಿ. ಬೀಗತಿಯನ್ನು ಅವಳು ಅಮ್ಮ ಅಂತಲೇ ಕರೆಯುವುದು.

"ನೀ ಎದ್ದಾಗೊಮ್ಮೆ ಹೊದಸ್ತೇನಿ, ಬಂದಿ ಅಂದ್ರ ತಗೀತೇನಿ. ನಿನ್ನ ಕೆಲಸಕ್ಕ ಅಡ್ಡಿ ಆಗಬಾರದಲ್ಲ ತಂಗಿ. ಥಂಡಿ ಭಾಳ ಐತಿ, ಧೂಳೂ ಐತಿ."

ನಾವೆಲ್ಲ ಅದನ್ನು ನೋಡಿದ್ದೆವು. ಪಾರಖಿಯೂ ನೋಡಿದ್ದರು, ಕಚೇರಿಯವನೂ ನೋಡಿದ್ದ. ನಾನಂತೂ ಕುಚ್ಚು ಚಂದ ಬಂದಾವ ಎಂದೂ ಹೇಳಿದ್ದೆ. ಡಬ್ಬಿಗೆ ಉಸಿರು ಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಹಗೇವು ತೆಗೆದರೆ ಒಳಗಿನ ಕಾವು ಹೋಗುವ ತನಕ ಯಾರೂ ಇಳಿಯಬಾರದು ಎಂದು ಊರಿಗೆಲ್ಲ ಹೇಳಿದವರು ನಾವೇ.

ಬೀಗರು ಕೆಮ್ಮಿದರು. "ಮೈಮ್ಯಾಲ ಜಾತ್ರಿ ಝೂಲಾ ಹೊಚ್ಚಿ ಗಳೇಕ ಹೂಡಿ, ಎತ್ತ ಸೊರಗಿತು ಅಂದಂಗಾತು."

"ನಾ ಮೊದಲ ಹೇಳಿದ್ದೆ" ಅಂದ ಮಗ.

"ಏನ ಹೇಳಿದ್ದಿ?" ಅಂತ ಕೇಳಿದೆ. ಅವನಿಗೆ ಕಚೇರಿಯ ಏನೋ ಕೆಲಸ ನೆನಪಾಯಿತು.

ಬರಿಮೈಯಲ್ಲಿ ಡಬ್ಬಿ ಸಂಜೆಯ ತನಕ ನಡೆಯಿತು. ಬೆಚ್ಚಗಾಯಿತು, ನಿಲ್ಲಲಿಲ್ಲ. ತುಂಬಿದ್ದನ್ನೆಲ್ಲ ತೆರೆದು ಹಳೆಯದರ ಜೊತೆ ತಾಳೆ ನೋಡಿದ ಮೇಲೆ ಹುಡುಗಿ ತಾನೇ ತೀರ್ಪು ಕೊಟ್ಟಳು: "ಪಾಸು. ಆದ್ರೂ ಇದೊಂದನ್ನ ನಂಬಂಗಿಲ್ಲ. ಇನ್ನೊಂದು ಕಾಪಿ ಬ್ಯಾರೆ ಕಡೆ ಇಡ್ತೇನಿ." ಎಲ್ಲ ಜೋಳ ಒಂದೇ ಹಗೇವಿಗೆ ನಾನೂ ಎಂದೂ ಸುರಿದವಳಲ್ಲ. ಇವಳು ನನ್ನ ಮೊಮ್ಮಗಳೇ ಎಂದು ಆಗ ಖಾತ್ರಿಯಾಯಿತು.

ಬೀಗತಿ ಮುನಿಸಿನಿಂದ ಕೌದಿ ಮಡಚುತ್ತಿದ್ದರು. "ಕೊಡಮ್ಮ, ನಾಲತವಾಡದ ಬಸ್ಸಿನ್ಯಾಗ ಕ್ಯಾಮೆರಾಕ್ಕ ಸುತ್ತತೇನಿ" ಎಂದು ಹುಡುಗಿ ಇಸಿದುಕೊಂಡಳು.

ನಾಲತವಾಡದ ಮದುವೆಯಾಯಿತು. ವಿಡಿಯೋ ಸಿದ್ಧವಾದ ದಿನ ಬೀಗರೂ ಬೀಗತಿಯೂ ಬಂದರು, ಎಲ್ಲರೂ ನಮ್ಮ ಟಿ.ವಿ.ಯಲ್ಲೇ ನೋಡಿದೆವು. ಅಕ್ಷತಿ ಬಿದ್ದವು, ಒಂದು ಕಾಳೂ ತಪ್ಪಿರಲಿಲ್ಲ. ಕೊನೆಗೆ ಮೊಮ್ಮಗಳ ಹೆಸರು ಮೂಡಿತು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ಮೂರನೇತ್ತೆ ಅಷ್ಟಕ್ಕೆ ಸಾಕಾಯಿತು.

ಮಗ್ಗುಲಲ್ಲಿ ಬೀಗತಿ, ಟಿ.ವಿ.ಗೆ ಕಾವಾದೀತೆಂದು ತಾವೇ ಎಂದೋ ಅದಕ್ಕೆ ಹೊಲಿದುಕೊಟ್ಟಿದ್ದ ಅರಿವೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅದರ ಮೇಲೆ ಬೆಕ್ಕು ಮಲಗಿತ್ತು.