ಇಲ್ಲದ ಪತ್ರೆಗೆ ಅಕ್ಷತೆ

ಶ್ರೀರಾಂಪುರದ ಬಡಾವಣೆಗೆ ತಿರುಗುವ ಮೂಲೆಯಲ್ಲಿ, ಹಾಲಿನ ಬೂತಿನ ಪಕ್ಕ, ಪ್ರೇಮಮ್ಮ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ಎದುರಿಗೆ ಸಾಲಾಗಿ ನಿಂತ ಮನೆಗಳ ಜಾಗದಲ್ಲಿ ಒಂದು ಕಾಲಕ್ಕೆ ಅವರ ಮಾವನ ರಾಗಿ ಹೊಲವಿತ್ತು. ಯಾರಾದರೂ ಅದಕ್ಕೆ ಮರುಗಿದರೆ ಪ್ರೇಮಮ್ಮ ನಗುತ್ತಾರೆ. ರಾಗಿ ಬೆಳೆದ ಕಡೆ ಈಗ ಗಿರಾಕಿಗಳು ಬೆಳೆದಿದ್ದಾರೆ ಎನ್ನುತ್ತಾರೆ.

ವರ್ಷವೆಲ್ಲ ಸೇವಂತಿಗೆ, ಕನಕಾಂಬರ. ಗೌರಿ ಗಣೇಶ ಬಂದಾಗ ಪತ್ರೆ. ಗಣಪತಿಗೆ ಏರಿಸುವ ಇಪ್ಪತ್ತೊಂದು ಬಗೆಯ ಎಲೆಗಳನ್ನು ಕಟ್ಟು ಕಟ್ಟಿ ಮಾರುವುದು ಅತ್ತೆಯಿಂದ ಬಂದ ಕೆಲಸ. ಆಗ ಹೊಲದ ಬದುವಿನ ಮೇಲೆ ಒಮ್ಮೆ ನಡೆದುಬಂದರೆ ಉತ್ತರಾಣಿ, ಎಕ್ಕ, ಎಲಚಿ, ಗರಿಕೆ ಎಂದು ಮಡಿಲು ತುಂಬುತ್ತಿತ್ತು. ಬದು ಹೋದ ಮೇಲೆ ಆ ಗಿಡಗಳು ಖಾಲಿ ಸೈಟುಗಳಲ್ಲಿ ಬಂದು ಕೂತವು. ಸೈಟುಗಳೂ ಒಂದೊಂದಾಗಿ ಮನೆಗಳಾದವು. ನೆಲಕ್ಕಂಟಿ ಹರಡುವ ವಿಷ್ಣುಕ್ರಾಂತಿ ಕೊನೆಗೆ ಉಳಿದದ್ದು ವಿಶ್ವನಾಥ್ ಅವರ ಮೂಲೆ ಸೈಟಿನಲ್ಲಿ ಮಾತ್ರ. ಬೆಳಗ್ಗೆ ಮೂಗುತಿಯಷ್ಟು ನೀಲಿ ಹೂ ಬಿಟ್ಟು, ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುವ ಗಿಡ ಅದು.

ಹೋದ ವರ್ಷ ಹಬ್ಬ ಹತ್ತಿರವಿದ್ದಾಗ ಆ ಸೈಟಿಗೆ ಸುಣ್ಣದ ಗೆರೆ ಬಿತ್ತು. ಪಾಯ ತೋಡುವ ಮೊದಲು ಗಿಡ ತೆಗೆದುಕೊಳ್ಳಲೇ ಎಂದು ಪ್ರೇಮಮ್ಮ ಕೇಳಿಕೊಂಡು ಹೋದರು.

"ಕಳೆ ಕೀಳೋದಕ್ಕೂ ಕೇಳ್ಬೇಕೇನಮ್ಮ?" ಎಂದರು ವಿಶ್ವನಾಥ್. "ಎಲ್ಲಾನೂ ಕಿತ್ಕೊಂಡೋಗಿ, ನಂಗೆ ಜೆಸಿಬಿ ಬಾಡಿಗೆ ಉಳಿಯುತ್ತೆ."

ಪ್ರೇಮಮ್ಮ ಕಾಯಿ ಕಟ್ಟಿದ ಕಡ್ಡಿಗಳನ್ನು ಹಬ್ಬದ ಕಟ್ಟುಗಳಿಗೆ ಸೇರಿಸಿ, ಉಳಿದದ್ದನ್ನು ಹೆಂಟೆ ಸಮೇತ ಅಗೆದರು. ಮನೆಯ ಅಂಗಳಕ್ಕೆ ಸಿಮೆಂಟು ಬಿದ್ದಿತ್ತು. ಹಾಗಾಗಿ ಪಾರ್ಕಿನ ಪಂಪ್‌ಹೌಸ್ ಹಿಂದೆ, ಯಾರೂ ಸುಳಿಯದ ಕಡೆ ನೆಟ್ಟು, ಕನಕಾಂಬರಕ್ಕೆ ಹೊಯ್ಯುವ ಹಾಗೆ ದಿನಾ ಬಿಂದಿಗೆ ನೀರು ಹೊಯ್ದರು. ಒಣನೆಲದ ಗಿಡ ಅಷ್ಟು ಉಪಚಾರ ತಾಳಲಿಲ್ಲ. ಮನೆಗಳಲ್ಲಿ ಗಣಪತಿ ಬಿಡುವ ಮೊದಲೇ ಬುಡ ಕೊಳೆತು ಹೋಯಿತು.

ಅದರ ಮುಂದೆ ಕೂತು ಪೇಚಾಡುತ್ತಿದ್ದಾಗ, ಮಾರಿದ ಕಟ್ಟುಗಳು ಪ್ರೇಮಮ್ಮನ ನೆನಪಿಗೆ ಬಂದವು. ಬೀಜ ತುಂಬಿದ ಆ ಕಾಯಿಗಳು ಮನೆಮನೆಯ ಗಣಪತಿಯ ಮುಂದೆ ಇನ್ನೂ ಇವೆ. ಈಗೆಲ್ಲ ಮಣ್ಣಿನ ಗಣಪತಿಯನ್ನು ಮನೆಯಲ್ಲೇ ಬಕೆಟ್ಟಿನಲ್ಲಿ ಬಿಡುತ್ತಾರೆ. ಆ ಕೆಸರನ್ನೂ ಪತ್ರೆಯನ್ನೂ ಪಂಪ್‌ಹೌಸ್ ಹಿಂದೆ ಸುರಿಯಿರಿ ಎಂದು ಮನೆಮನೆಗೆ ಹೋಗಿ ಕೇಳಿದರು. ಎರಡನೇ ಕ್ರಾಸಿನ ಬಿಂದುಶ್ರೀ ಬಾಗಿಲಲ್ಲೇ ನಿಂತು ನಕ್ಕಳು.

"ನಮ್ಮ ಗಣಪನ್ನ ಪಂಪ್‌ಹೌಸ್ ಹಿಂದಕ್ಕೆ ಕಳಿಸ್ತೀರಾ?"

"ಮಣ್ಣಿಂದ ಬಂದೋನು ಮಣ್ಗೋಗ್ಲಿ ಬುಡವ್ವ, ಮೋರಿಗ್ಯಾಕೆ?"

ನಗುತ್ತಲೇ ಕೆಲವರು ತಂದು ಸುರಿದರು. ಆಮೇಲೆ ಪ್ರೇಮಮ್ಮ ಅಲ್ಲಿಗೆ ಒಂದು ಚೊಂಬು ನೀರನ್ನೂ ಒಯ್ಯಲಿಲ್ಲ. ಕೈ ಕಟ್ಟಿಕೊಂಡಿರುವುದೇ ಕಷ್ಟವಾಯಿತು.

ಈ ವರ್ಷದ ಮಳೆಗೆ ಮೊದಲು ಗರಿಕೆ ಎದ್ದಿತು, ಆಮೇಲೆ ಸೆರಗಿಗೆ ಅಂಟುವ ಉತ್ತರಾಣಿ. ಶ್ರಾವಣ ಮುಗಿಯುವ ಹೊತ್ತಿಗೆ ಗೋಡೆಯ ಬುಡದಲ್ಲಿ ಒಂದೇ ಒಂದು ವಿಷ್ಣುಕ್ರಾಂತಿ. ಹಬ್ಬದ ಹಿಂದಿನ ಬೆಳಗ್ಗೆ ಪ್ರೇಮಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕೂತರು. ಅವರ ಕಟ್ಟಿನಲ್ಲಿ ಒಂದು ಪತ್ರೆಯೂ ಕಮ್ಮಿಯಿರುವುದಿಲ್ಲ ಎಂಬ ಹೆಸರಿತ್ತು, ಅತ್ತೆಯ ಕಾಲದಿಂದ. ಚಿವುಟಿದರೆ ಹೆಸರು ಉಳಿಯುತ್ತದೆ, ಕಾಯಿ ಕಟ್ಟುವುದಿಲ್ಲ. ಉಗುರು ಕಡ್ಡಿಗೆ ತಾಗಿತ್ತು. ನೀಲಿ ಹೂ ಆಗಷ್ಟೇ ಪೂರ್ತಿ ಬಿಚ್ಚಿಕೊಂಡಿತ್ತು. ಅವರು ಕೈ ಹಿಂದಕ್ಕೆಳೆದುಕೊಂಡು, ಸೆರಗಿಗಂಟಿದ ಉತ್ತರಾಣಿ ಬಿಡಿಸುತ್ತ ಎದ್ದರು.

ಆ ದಿನ ಬಿಂದುಶ್ರೀ ಕಟ್ಟು ಬಿಚ್ಚಿ ಎಣಿಸಿದಳು. ಅವಳದು ಎಣಿಸುವ ಜಾತಿ.

"ಒಂದು ಕಮ್ಮಿ ಇದೆಯಲ್ಲ ಪ್ರೇಮಮ್ಮ. ಬದಲಿಗೆ ಇದೇನು, ಅಕ್ಕಿ ಪೊಟ್ಟಣ?"

"ಅಕ್ಷತೆ ಕಣವ್ವ. ವಿಷ್ಣುಕ್ರಾಂತಿ ಬಾಣಂತನಕ್ಕೋಗೈತೆ. ಇಲ್ಲದ್ದಕ್ಕೆ ಅಕ್ಷತೆ ಆಕಿ ಅಂತ ನಿಮ್ ಪುರೋಯಿತ್ರೇ ಏಳಲ್ವಾ?"

ಬಿಂದುಶ್ರೀ ಪೊಟ್ಟಣವನ್ನು ಕಟ್ಟಿನೊಳಗಿಟ್ಟು, ಸ್ಕೂಟರಿಗೆ ಚೀಲ ಸಿಕ್ಕಿಸುತ್ತ ಕೇಳಿದಳು:

"ಗಣಪನ ಬಕೆಟ್ಟು ಸುರಿಯೋದು ಈ ಸಲಾನೂ ಅಲ್ಲೇ ತಾನೇ?"

"ಅಲ್ಲೇ. ಸೋಪಿನ ಬಕೆಟ್ಟಲ್ಲಿ ಬುಡ್ಬೇಡಿ, ಅಷ್ಟೇಯ."

ಪ್ರೇಮಮ್ಮ ಸೇವಂತಿಗೆಗೆ ನೀರು ಚಿಮುಕಿಸಿದರು. ಬಿಸಿಲೇರುತ್ತಿತ್ತು. ಪಂಪ್‌ಹೌಸ್ ಹಿಂದೆ ಆ ನೀಲಿ ಹೂ ಈಗ ಮುಚ್ಚಿಕೊಳ್ಳುತ್ತಿರಬೇಕು.