ಹಗ್ಗ ಹಿಡಿದ ಭಾಮೈದ

ಗಂಟು ಸಡಿಲಿ ಬಳ್ಳಿಯ ಏಣಿ ಒಮ್ಮೆಲೇ ಜಾರಿತು. ಸೂರಿನ ತೊಲೆಯ ಬಳಿ ಜೇನುಗೂಡಿನ ಮಾದರಿ ಕಟ್ಟುತ್ತಿದ್ದ ಮಾದಯ್ಯ ಕಾಲು ತಪ್ಪಿ ಗಾಳಿಯಲ್ಲಿ ತೂಗಾಡಿದರು. ಅವರ ಸೊಂಟಕ್ಕೆ ಬಿಗಿದಿದ್ದ ಹಗ್ಗ ತೊಲೆಯ ಮೇಲಿಂದ ಇಳಿದು, ಕೆಳಗೆ ನಿಂತಿದ್ದ ಭಾಮೈದ ಬೊಮ್ಮಣ್ಣನ ಕೈಯಲ್ಲಿತ್ತು. ಬೊಮ್ಮಣ್ಣ ಕಂಬಕ್ಕೆ ಕಾಲು ಕೊಟ್ಟು ಹಿಂದಕ್ಕೆ ವಾಲಿದರು.

ದೇವನಹಳ್ಳಿ ಬಳಿ ಮಳೆಕಾಡಿನ ಬುಡಕಟ್ಟು ಜನರ ಬದುಕನ್ನು ತೋರಿಸುವ ಸಂಗ್ರಹಾಲಯವೊಂದು ಸಿದ್ಧವಾಗುತ್ತಿದೆ; ನಾನು ಅಲ್ಲಿ ಕೆಲಸ ಮಾಡುತ್ತೇನೆ. ಜೇನು ಕೀಳುವ ದೃಶ್ಯವನ್ನು ಅಣಿಗೊಳಿಸಲು ಇವರಿಬ್ಬರೂ ಘಟ್ಟದ ಕಾಡಿನಿಂದ ಬಂದಿದ್ದರು. ಸ್ವಲ್ಪ ಮೊದಲಷ್ಟೇ ನಮ್ಮ ಮೇಲ್ವಿಚಾರಕರು ಬೊಮ್ಮಣ್ಣನನ್ನು ಗದರಿದ್ದರು.

"ಹಗ್ಗ ಸೆಕ್ಯೂರಿಟಿ ಕೈಗೆ ಕೊಟ್ಟು ಬಾರಪ್ಪ, ಗಾಡಿಯಿಂದ ಬಿದಿರು ಇಳಿಸ್ಬೇಕು. ಅದನ್ನ ಹಿಡಿಯೋಕೆ ಭಾಮೈದನೇ ಬೇಕಾ?"

"ಬೇಕು ಸ್ವಾಮಿ. ನಮ್ಮಲ್ಲಿ ಹೆಂಡ್ತಿ ತಮ್ಮನೇ ಹಿಡಿಯೋದು. ಬಿಟ್ರೆ ತಾಳಿ ಹೋಗೋದು ನಮ್ಮಕ್ಕಂದು."

ಹಾಗೆಂದು ಅವರು ಅಲ್ಲಾಡದೆ ನಿಂತಿದ್ದರು.

ಈಗ ಬೊಮ್ಮಣ್ಣ ಹಗ್ಗವನ್ನು ಸ್ವಲ್ಪಸ್ವಲ್ಪವೇ ಸಡಿಲಿಸಿದಂತೆ ಮಾದಯ್ಯ ನಿಧಾನವಾಗಿ ನೆಲಕ್ಕಿಳಿದರು. ಬೊಮ್ಮಣ್ಣನ ಅಂಗೈ ಚರ್ಮ ಕಿತ್ತುಬಂದಿತ್ತು. ಅದನ್ನು ನೋಡಿ ಮಾದಯ್ಯ, "ಬೆಳಿಗ್ಗೆ ಎಲೆಅಡಿಕೆ ಕೊಡ್ಲಿಲ್ಲ ಅಂತ ಬಿಟ್ಟೇಬಿಡ್ತೀಯ ಅಂದ್ಕೊಂಡೆ ಕಣ್ಲಾ" ಎಂದರು.

"ಹಿಡ್ದಿದ್ದು ಅಕ್ಕಂಗೋಸ್ಕರ ಬಾವ, ನಿನಗಲ್ಲ."

ಮೇಲ್ವಿಚಾರಕರು ತಾವೇ ಹೋಗಿ ಬಿದಿರು ಇಳಿಸತೊಡಗಿದರು.

ನನ್ನ ಗಂಡನೂ ನನ್ನ ಅಣ್ಣನೂ ಮಾತು ಬಿಟ್ಟು ಬಹಳ ದಿನಗಳಾಗಿದ್ದವು. ಆ ಸಂಜೆ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಕುಳಿತು ಅಣ್ಣನಿಗೆ ಫೋನ್ ಮಾಡಿ, ಭಾನುವಾರ ಮನೆಗೆ ಊಟಕ್ಕೆ ಬಾ ಎಂದೆ. ಕಾರಣ ಹೇಳಲಿಲ್ಲ. ಅವನೂ ಕೇಳದೆ, ಬರ್ತೀನಿ ಎಂದ.