ಸೀಮೆಸುಣ್ಣದ ಬೀದಿ, ನಾಲ್ಕು ಮೆಟ್ಟಿಲು

ಆಕೆಯನ್ನು ಎಲ್ಲರೂ ಅಳತೆ ಅಕ್ಕ ಎಂದೇ ಕರೆಯುತ್ತಿದ್ದರು. ಆಸ್ಪತ್ರೆ, ಶಾಲೆ, ಕಾರ್ಖಾನೆಗಳ ಸಮವಸ್ತ್ರ ಹೊಲಿಯುವವಳು. ಟೇಪು ಹಿಡಿಯುವ ಮೊದಲೇ ಎದುರು ನಿಂತವರನ್ನು ಕಣ್ಣಲ್ಲೇ ಅಳೆದು, "ನಿಮ್ಮ ಎಡಭುಜ ಇಳಿದಿದೆ, ಆ ಕಡೆ ಚೀಲ ಹಾಕೋದು ಬಿಡಿ" ಎಂದು ಗಿರಾಕಿಗಳ ಮುಖ ಸಣ್ಣದು ಮಾಡುತ್ತಿದ್ದಳು. ಹೊಲಿಗೆಗೆ ಮಾತ್ರ ಹೆಸರಿಡುವಂತಿರಲಿಲ್ಲ. ಬೈದುಕೊಂಡು ಹೋದವರೂ ಮತ್ತೆ ಬರುತ್ತಿದ್ದರು.

ಮನೆಯಲ್ಲಿ ಅವಳ ಬಾಯಿಗೆ ಸರಿಸಮನಾಗಿ ನಿಲ್ಲುವವರು ಅತ್ತೆ ಒಬ್ಬರೇ. ಗಂಡ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಸೊಂಟದ ಮೂಳೆ ಮುರಿದುಕೊಂಡಿದ್ದ ಅತ್ತೆ ವಾಕರ್ ತಳ್ಳಿಕೊಂಡು, ವಾರಕ್ಕೆ ಮೂರು ದಿನ ಬೆಳಿಗ್ಗೆ, ಮನೆ ಮುಂದಿನ ಮೇಲುಬೀದಿಯಲ್ಲಿ ಬಸ್ಸು ಹತ್ತಿ ವ್ಯಾಯಾಮ ಮಾಡಿಸುವ ಆಸ್ಪತ್ರೆಗೆ ಒಬ್ಬರೇ ಹೋಗಿಬರುತ್ತಿದ್ದರು. ಜೊತೆಗೆ ಬರುತ್ತೇನೆ ಅಂದರೆ ಸಿಡುಕುತ್ತಿದ್ದರು. ಎಷ್ಟು ಜಂಬ ನೋಡು ಎಂದು ಸೊಸೆ ಮೂಗು ಮುರಿಯುತ್ತಿದ್ದಳು.

ಅಷ್ಟರಲ್ಲಿ ಯೋಜನಾ ಕಚೇರಿಯ ಕಾಗದ ಬಂತು. ಇಡೀ ಪ್ರದೇಶದ ಬಸ್ ಮಾರ್ಗಗಳನ್ನು ನೇರ ಮಾಡುತ್ತಾರಂತೆ. ಮೇಲುಬೀದಿಗೆ ಬಸ್ಸಿಲ್ಲವಂತೆ, ಕೆಳಗಿನ ದೊಡ್ಡ ರಸ್ತೆಯಲ್ಲಷ್ಟೇ ಓಡುತ್ತದಂತೆ. ಬೀದಿ ತುದಿಯಲ್ಲಿ ಬಸ್ಸು ತಿರುಗುವ ಬಯಲಿನಲ್ಲಿ ಮಳಿಗೆಗಳು ಏಳುತ್ತವಂತೆ. ದೊಡ್ಡ ರಸ್ತೆಗೆ ಇಳಿಯಲು ಅರವತ್ತೆರಡು ಮೆಟ್ಟಿಲುಗಳಿದ್ದವು. ಓದುತ್ತಲೇ ಅಳತೆ ಅಕ್ಕ ಲೆಕ್ಕ ಹಾಕಿದಳು. ಚಿಕಿತ್ಸೆ ತಪ್ಪಿದರೆ ಅತ್ತೆಯ ಕಾಲು ಮರಗಟ್ಟುತ್ತದೆ, ತಾನೇ ಕರೆದುಕೊಂಡು ಹೋದರೆ ವಾರಕ್ಕೆ ಮೂರು ದಿನ ಅಂಗಡಿಗೆ ಬೀಗ.

ಮೊದಲ ಸಭೆಯಲ್ಲಿ ಅಧಿಕಾರಿ ಗೋಡೆಗೆ ನಕ್ಷೆ ತೂಗುಹಾಕಿ, ಎಲ್ಲರ ಕೈಗೂ ಒಂದೊಂದು ಹಸಿರು ಚೀಟಿ ಕೊಟ್ಟು, ನಿಲ್ದಾಣ ಎಲ್ಲಿ ಬೇಕೋ ಅಲ್ಲಿ ಅಂಟಿಸಿ ಅಂದರು. ಕೇಳುವವರು ಒಬ್ಬರಾದರೂ ಇದ್ದಾರಲ್ಲ ಎಂಬ ಖುಷಿಯಲ್ಲಿ ಜನ ಮುಗಿಬಿದ್ದರು. ಒಬ್ಬೊಬ್ಬರೂ ಸರಿಯಾಗಿ ತಮ್ಮ ತಮ್ಮ ಮನೆಬಾಗಿಲಿಗೇ ಅಂಟಿಸಿದರು! ಅಳತೆ ಅಕ್ಕನೇನು ಕಮ್ಮಿ, ಅವಳದ್ದು ಅಂಗಡಿಯ ಮೆಟ್ಟಿಲ ಮೇಲೆ.

ಅಧಿಕಾರಿ ತಲೆ ಕೆರೆದುಕೊಂಡರು. "ನೂರಾ ಹತ್ತು ಜನ, ನೂರಾ ಹತ್ತು ನಿಲ್ದಾಣ. ಬಸ್ಸು ಓಡೋದು ಯಾವಾಗ? ನಿಮ್ಮಲ್ಲೇ ಒಮ್ಮತ ಇಲ್ಲ ಅಂತ ಬರ್ಕೋಬೇಕಾಗುತ್ತೆ. ಮುಂದಿನ ತಿಂಗಳು ಕೊನೇ ಸಭೆ."

ಅವಮಾನದಿಂದ ಅವಳ ಕಿವಿ ಬಿಸಿಯಾಯಿತು. ಬಟ್ಟೆ ಕತ್ತರಿಸುವಾಗ ತಾನು ಎಂದಾದರೂ ಇಷ್ಟು ಸಣ್ಣ ಚಿತ್ರ ನಂಬಿದ್ದುಂಟೇ? ಮೊದಲು ಪೂರಾ ಅಳತೆಗೆ ನೆಲದ ಮೇಲೆ ಹರಡಬೇಕು, ಆಮೇಲೆ ಕತ್ತರಿ.

ಕೊನೆಯ ಸಭೆಗೆ ಒಂದು ಗಂಟೆ ಮೊದಲೇ ಹೋಗಿ, ಸೆರಗು ಬಿಗಿದು, ಸಭಾಭವನದ ನೆಲದಲ್ಲಿ ಸೀಮೆಸುಣ್ಣ ಹಿಡಿದು ಕೂತಳು. ಕಾವಲುಗಾರ ತಡೆಯಲು ಬಂದ. ಅವನ ಸಮವಸ್ತ್ರ ಹೊಲಿದವಳೂ ಅವಳೇ ಆದ್ದರಿಂದ ಬಾಯಿ ಮುಚ್ಚಿಕೊಂಡು ಹೋದ. ವೇದಿಕೆಯ ಮೇಲೆ ಮೇಲುಬೀದಿ ಬರೆದಳು, ಕೆಳಗೆ ನೆಲದ ಮೇಲೆ ದೊಡ್ಡ ರಸ್ತೆ, ಆಸ್ಪತ್ರೆ, ಮಾರುಕಟ್ಟೆ, ಶಾಲೆ. ನಡುವೆ ವೇದಿಕೆಯ ನಾಲ್ಕು ಮೆಟ್ಟಿಲು.

ಜನ ಸೇರಿದ ಮೇಲೆ ಅವಳು ಎಲ್ಲರನ್ನೂ ವೇದಿಕೆಗೆ ಹತ್ತಿಸಿದಳು. ಅತ್ತೆಯೂ ಅವರಿವರ ಭುಜ ಹಿಡಿದು ಹತ್ತಿದರು. "ಮನೆ ತೋರಿಸ್ಬೇಡಿ. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತೀರೋ ಅಲ್ಲಿಗೆ ನಡೀರಿ, ಸಾಕು." ನಗುತ್ತಾ, ಒಬ್ಬರ ಕಾಲು ಒಬ್ಬರು ತುಳಿಯುತ್ತಾ ಜನ ಹೊರಟರು. ನೋಡನೋಡುತ್ತಿದ್ದಂತೆ ಮುಕ್ಕಾಲು ಪಾಲು ಮಂದಿ ಇಳಿದು ಆಸ್ಪತ್ರೆ ಮತ್ತು ಮಾರುಕಟ್ಟೆಯ ಗೆರೆಗಳೊಳಗೆ ಒತ್ತಾಗಿ ನಿಂತಿದ್ದರು, ಉಳಿದವರು ಶಾಲೆಯ ಗೆರೆಯೊಳಗೆ. ಒಮ್ಮತ ಇಲ್ಲ ಅಂದಿದ್ದ ಅಧಿಕಾರಿ ಕಣ್ಣರಳಿಸಿದರು.

ವೇದಿಕೆಯ ಮೇಲೆ ಉಳಿದವರು ಅತ್ತೆ ಮಾತ್ರ. ವಾಕರನ್ನು ಮೊದಲ ಮೆಟ್ಟಿಲಿಗೆ ಇಳಿಸಲು ಎರಡು ಸಲ ನೋಡಿದರು, ಆಗಲಿಲ್ಲ. ಪಕ್ಕಕ್ಕೆ ತಿರುಗಿ ಒಂದು ಕಾಲು ಇಟ್ಟರು. ಎರಡನೆಯ ಮೆಟ್ಟಿಲಿಗೆ ಹಣೆಯಲ್ಲಿ ಬೆವರು. ಅಧಿಕಾರಿ ತಡೆಯಲಾರದೆ ಓಡಿಬಂದು ಕೈ ಚಾಚಿದರು.

ಅತ್ತೆ ಆ ಕೈಯನ್ನು ನೋಡಿದರು. "ದಿನಾ ಬರ್ತೀರಾ?"

ಅಧಿಕಾರಿ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಅತ್ತೆ ಅದನ್ನು ಹಿಡಿದು ಇಳಿದು, "ಇಂಥಾವು ಇನ್ನೂ ಐವತ್ತೆಂಟಿದೆ" ಅಂದರು. ಅಧಿಕಾರಿ ಆ ಸಂಖ್ಯೆಯನ್ನು ಬರೆದುಕೊಂಡರು.

ಮೂರು ತಿಂಗಳಾದ ಮೇಲೆ ತಿದ್ದಿದ ಯೋಜನೆ ಬಂತು. ಕೇಳಿದ್ದೆಲ್ಲ ಸಿಗಲಿಲ್ಲ, ಅರ್ಧ ಬಯಲು ಮಳಿಗೆಗಳಿಗೇ ಹೋಯಿತು. ಆದರೆ ಇನ್ನರ್ಧದಲ್ಲಿ ಸಣ್ಣ ಬಸ್ಸು ತಿರುಗಬಹುದಿತ್ತು. ಬೆಳಿಗ್ಗೆ ನಾಲ್ಕು ಸಲ, ಮಧ್ಯಾಹ್ನ ನಾಲ್ಕು ಸಲ, ಮೇಲುಬೀದಿಯಿಂದ ಆಸ್ಪತ್ರೆಗೆ.

ಮೊದಲ ದಿನ ಸೊಸೆ ಬಸ್ಸಿನವರೆಗೆ ಹಿಂದೆ ಹಿಂದೆಯೇ ಬಂದಳು.

"ಒಂಬತ್ತಾಯ್ತು, ಅಂಗಡಿ ತೆಗಿ ಹೋಗು," ಅಂದರು ಅತ್ತೆ.

"ಒಬ್ರೇ ಹೋಗೋದಂದ್ರೆ ನಿಮಗೆ ಅದೇನು ಜಂಬಾನೋ."

"ಜಂಬ ಎಲ್ಲಿಂದ ಬರ್ಬೇಕು, ದಾರಿಯುದ್ದಕ್ಕೂ ಜೀವ ಕೈಯಲ್ಲಿ ಹಿಡ್ಕೊಂಡಿರ್ತೀನಿ ಕಣೇ," ಅತ್ತೆ ವಾಕರನ್ನು ಬಸ್ಸಿಗೆ ಎತ್ತಿಟ್ಟರು. "ಒಂದು ಸಲ ನೀನು ಜೊತೆಗೆ ಬಂದ್ರೆ ಅದೇ ಅಭ್ಯಾಸ ಆಗುತ್ತೆ. ಆಮೇಲೆ ನಿನ್ನ ಅಂಗಡಿ ಹೋಗುತ್ತೆ. ನನ್ನ ಕೈಲಿ ಅದನ್ನ ನೋಡೋಕಾಗಲ್ಲ."

ಎಲ್ಲರನ್ನೂ ಕಣ್ಣಲ್ಲೇ ಅಳೆಯುವವಳಿಗೆ ಮನೆಯೊಳಗಿನ ಈ ಒಂದು ಅಳತೆ ಇಷ್ಟು ವರ್ಷ ತಪ್ಪಿಹೋಗಿತ್ತು. ಬಸ್ಸು ಹೊರಟಿತು. ಕಣ್ಣೊರೆಸಿಕೊಂಡು ಅವಳು ಅಂಗಡಿಯ ಕಡೆ ಬಿರಬಿರನೆ ನಡೆದಳು.